ಗೇಮ್ ಮಾಡುವವರೇ ಮಾಲೀಕರು: ಬೆಂಗಳೂರಿನಲ್ಲಿ ಸಹಕಾರಿ ವರ್ಕ್‌ಸ್ಪೇಸ್ ಕಟ್ಟುವುದು ಹೇಗೆ?

ಸ್ವಂತವಾಗಿ ಗೇಮ್ ಮಾಡುವವರ ಆಫೀಸು ಹೆಚ್ಚಾಗಿ ಮನೆಯ ಮಲಗುವ ಕೋಣೆಯೇ. ಒಂದೆರಡು ವರ್ಷ ಹಾಗೆ ನಡೆಯುತ್ತದೆ. ಆಮೇಲೆ ಹೊರಗೆಲ್ಲಾದರೂ ಕೂತು ಕೆಲಸ ಮಾಡಬೇಕು ಅನ್ನಿಸುತ್ತದೆ. ಬೆಂಗಳೂರಿನಲ್ಲಿ ಕೋ-ವರ್ಕಿಂಗ್ ಜಾಗಗಳಿಗೇನೂ ಕಡಿಮೆ ಇಲ್ಲ. ಆದರೆ ಅವೆಲ್ಲ ಲ್ಯಾಪ್‌ಟಾಪ್ ಹಿಡಿದು ಬಂದು ಸಂಜೆ ಎದ್ದು ಹೋಗುವವರಿಗೆ ಮಾಡಿದ್ದು. ದೊಡ್ಡ ಡೆಸ್ಕ್‌ಟಾಪ್, ಎರಡು ಮಾನಿಟರ್, ಡ್ರಾಯಿಂಗ್ ಟ್ಯಾಬ್ಲೆಟ್ ಇಟ್ಟುಕೊಂಡು, ಗೇಮ್‌ನ ಒಂದೇ ಜಿಗಿತದ ಸದ್ದನ್ನು ಬೆಳಗ್ಗೆಯಿಂದ ರಾತ್ರಿವರೆಗೆ ಕೇಳುತ್ತಾ ಕೂರುವವರಿಗೆ ಅಲ್ಲಿ ಜಾಗ ಸಾಲುವುದಿಲ್ಲ. ಪಕ್ಕದವರಿಗೆ ತಾಳ್ಮೆಯೂ ಸಾಲುವುದಿಲ್ಲ.

ಇನ್ನೊಂದು ದಾರಿ ಇದೆ. ಹದಿನೈದು-ಇಪ್ಪತ್ತು ಜನ ಸೇರಿ ಜಾಗವನ್ನು ತಾವೇ ನಡೆಸುವುದು. ಎಲ್ಲರೂ ಷೇರು ಹಾಕುತ್ತಾರೆ, ಎಲ್ಲರಿಗೂ ಒಂದೊಂದೇ ಮತ. ಉಳಿದ ಹಣ ಜಾಗಕ್ಕೇ ವಾಪಸ್ ಬರುತ್ತದೆ. ನಮ್ಮಲ್ಲಿ ಇದು ಹೊಸದೇನೂ ಅಲ್ಲ. ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಸೇರಿಸಿ ಸಹಕಾರಿ ಪತ್ತಿನ ಸಂಘ ಶುರು ಮಾಡಿದ್ದು 1905ರಲ್ಲಿ. ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ, ಕೆಲಸ ಕಳೆದುಕೊಳ್ಳಲಿದ್ದವರೇ 1957ರಲ್ಲಿ ಬೆಂಗಳೂರಿನಲ್ಲಿ ಸಹಕಾರ ಸಂಘ ಕಟ್ಟಿದರು. ಇಂಡಿಯನ್ ಕಾಫಿ ಹೌಸ್ ಉಳಿದದ್ದು ಹಾಗೆ.

ಇಂಥ ಯೋಜನೆಗಳು ಸಾಮಾನ್ಯವಾಗಿ ಒಳ್ಳೆಯ ಹಾಲ್ ಒಂದನ್ನು ನೋಡಿದ ಖುಷಿಯಲ್ಲಿ ಶುರುವಾಗುತ್ತವೆ. ನಿಲ್ಲುವುದು ದುಡ್ಡಿನ ಮಾತು ಬಂದಾಗ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಹಾಲ್ ಹುಡುಕುವುದು ಐದನೇ ಹೆಜ್ಜೆ. ಬ್ರೋಕರ್‌ಗೆ ಫೋನ್ ಮಾಡುವ ಮೊದಲು ಅದರ ಹಿಂದಿನ ನಾಲ್ಕು ಮುಗಿದಿರಲಿ.

1. ಮೊದಲು ಜನ

ತಿಂಗಳಿಗೊಂದು ಭಾನುವಾರ ಪ್ಲೇಟೆಸ್ಟ್ ಇಡಿ. ಯಾರದಾದರೂ ಮನೆಯ ಹಾಲ್ ಆದರೂ ಸಾಕು, ಕಾಲೇಜಿನ ಕ್ಲಾಸ್‌ರೂಮ್ ಆದರೂ ಸಾಕು. ಎಲ್ಲರೂ ಅರ್ಧ ಮುಗಿದ ಗೇಮ್ ತರಬೇಕು, ಬೇರೆಯವರದನ್ನು ಆಡಬೇಕು. ನಿಯಮ ಒಂದೇ: ಬೇರೆಯವರು ನಿಮ್ಮ ಗೇಮ್ ಆಡುವಾಗ ನೀವು ಬಾಯಿ ಬಿಡಬಾರದು. "ಅಲ್ಲಿ ಅಲ್ಲ, ಎಡಗಡೆ ಬಾಗಿಲು" ಅಂತ ಹೇಳಿಬಿಟ್ಟರೆ ಆ ಬಾಗಿಲು ಯಾರಿಗೂ ಕಾಣುತ್ತಿಲ್ಲ ಅನ್ನುವುದು ನಿಮಗೆ ಗೊತ್ತಾಗುವುದೇ ಇಲ್ಲ.

ಐದಾರು ತಿಂಗಳು ಹೀಗೆ ಮಾಡಿದರೆ ಯಾರು ತಪ್ಪದೆ ಬರುತ್ತಾರೆ, ಯಾರು ಕುರ್ಚಿ ಎತ್ತಿಡಲು ಕೈ ಹಾಕುತ್ತಾರೆ ಅನ್ನುವುದು ತಾನಾಗಿ ಕಾಣುತ್ತದೆ. ಅವರೇ ನಿಮ್ಮ ಸದಸ್ಯರು. ಬರೀ ಪ್ರೋಗ್ರಾಮರ್‌ಗಳೇ ತುಂಬಿಕೊಳ್ಳದಂತೆ ನೋಡಿಕೊಳ್ಳಿ. ಚಿತ್ರ ಬಿಡಿಸುವವರು, ಸಂಗೀತ ಮಾಡುವವರು, ಕಥೆ ಬರೆಯುವವರು ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಲೆಕ್ಕ ಬರೆಯೋಕೆ ಬೇಜಾರಿಲ್ಲದ ಒಬ್ಬರಾದರೂ ಬೇಕು. ಅಂಥವರು ಸಿಕ್ಕರೆ ಬಿಡಬೇಡಿ.

ಆಮೇಲೆ ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಿ. ವಾರಕ್ಕೆ ಎಷ್ಟು ದಿನ ಬರುತ್ತೀರಿ? ಒಂದು ರೂಪಾಯಿಯೂ ಆದಾಯ ಇಲ್ಲದ ತಿಂಗಳಲ್ಲಿ ಎಷ್ಟು ಕೊಡಬಲ್ಲಿರಿ? ನಿಮ್ಮ ಗೇಮ್ ಓಡದಿದ್ದರೆ ಮುಂದೇನು? ಗುಂಪಿನಲ್ಲಿ ಕೇಳಿದರೆ ಎಲ್ಲರೂ ಧಾರಾಳ. ಒಬ್ಬರೇ ಇದ್ದಾಗ ನಿಜವಾದ ಅಂಕಿ ಹೊರಗೆ ಬರುತ್ತದೆ.

2. ತಿಂಗಳ ಲೆಕ್ಕ

ಒಂದು ಉದಾಹರಣೆ ನೋಡೋಣ. ನಿಮ್ಮ ಏರಿಯಾದ ಬಾಡಿಗೆಗೆ ತಕ್ಕಂತೆ ಅಂಕಿ ಬದಲಿಸಿಕೊಳ್ಳಿ. 20 ಜನ ಕೂರುವ ಜಾಗಕ್ಕೆ ಬಾಡಿಗೆ ₹72,000. ಕರೆಂಟು ₹12,000. ಎರಡು ಇಂಟರ್ನೆಟ್ ಲೈನ್‌ಗೆ ₹6,000. ಗುಡಿಸಿ ಒರೆಸುವವರ ಸಂಬಳ ₹10,000. ಕುಡಿಯುವ ನೀರು, ಕಾಫಿ-ಟೀ ₹5,000. ಅಕೌಂಟೆಂಟ್, ಆಡಿಟ್ ಖರ್ಚನ್ನು ತಿಂಗಳಿಗೆ ಹಂಚಿದರೆ ₹5,000. ರಿಪೇರಿಗೆ ಎತ್ತಿಡುವುದು ₹10,000. ಒಟ್ಟು ₹1,20,000.

ಇಪ್ಪತ್ತರಿಂದ ಭಾಗಿಸಿ "ತಲೆಗೆ ಆರು ಸಾವಿರ" ಅಂದುಕೊಂಡರೆ ಮುಗಿಯಿತು ಕಥೆ. ಇಪ್ಪತ್ತೂ ಕುರ್ಚಿ ವರ್ಷವಿಡೀ ತುಂಬಿರುವುದಿಲ್ಲ. ಒಬ್ಬರು ಊರಿಗೆ ಹೋಗುತ್ತಾರೆ, ಒಬ್ಬರಿಗೆ ಕೆಲಸ ಸಿಗುತ್ತದೆ, ಇನ್ನೊಬ್ಬರಿಗೆ ಮಗು ಹುಟ್ಟುತ್ತದೆ. ಹದಿನೈದು ಕುರ್ಚಿಯಿಂದಲೇ ಖರ್ಚು ಹುಟ್ಟಬೇಕು ಅಂತ ಲೆಕ್ಕ ಹಾಕಿ. ಆಗ ತಲೆಗೆ ₹8,000. ಮಿಕ್ಕ ಐದು ಕುರ್ಚಿ ತುಂಬಿದ ತಿಂಗಳಲ್ಲಿ ಬರುವ ₹40,000 ನೇರವಾಗಿ ಮೀಸಲು ನಿಧಿಗೆ ಹೋಗಲಿ. ಮಾಮೂಲಿ ಕೋ-ವರ್ಕಿಂಗ್‌ನಲ್ಲಿ ಖಾಲಿ ಕುರ್ಚಿಯ ನಷ್ಟ ಕಂಪನಿಯದು. ಇಲ್ಲಿ ಅದು ನಿಮ್ಮದೇ. ಸೇರುವ ಮೊದಲೇ ಇದನ್ನು ಎಲ್ಲರಿಗೂ ಬಿಡಿಸಿ ಹೇಳಿ.

ಜಿಎಸ್‌ಟಿ ವಿಷಯ. "ನಮ್ಮ ಸದಸ್ಯರಿಂದಲೇ ನಾವು ತಗೊಳ್ಳೋದು, ಅದಕ್ಕೆಂಥ ಟ್ಯಾಕ್ಸು?" ಅನ್ನುವ ವಾದ ನಂಬಿ ಕೂರಬೇಡಿ. ಸಂಘ ತನ್ನ ಸದಸ್ಯರಿಗೆ ಕೊಡುವ ಸೇವೆಯೂ ಲೆಕ್ಕಕ್ಕೆ ಬರುತ್ತದೆ ಅಂತ 2021ರಲ್ಲಿ ಕಾನೂನು ತಿದ್ದಿ, 2017ರ ಜುಲೈಯಿಂದಲೇ ಅನ್ವಯ ಮಾಡಿದ್ದಾರೆ. ಸೇವೆಗಳಿಗೆ ನೋಂದಣಿಯ ಮಿತಿ ವರ್ಷಕ್ಕೆ ₹20 ಲಕ್ಷ. ಮೇಲಿನ ಉದಾಹರಣೆಯಲ್ಲಿ ಇಪ್ಪತ್ತೂ ಕುರ್ಚಿ ತುಂಬಿದರೆ ವರ್ಷಕ್ಕೆ ₹19.2 ಲಕ್ಷ. ಭಾನುವಾರ ವರ್ಕ್‌ಶಾಪ್‌ಗೆ ಹಾಲ್ ಬಾಡಿಗೆಗೆ ಕೊಟ್ಟರೂ ಸಾಕು, ಗೆರೆ ದಾಟುತ್ತೀರಿ. ದಾಟಿದರೆ ಶುಲ್ಕದ ಮೇಲೆ ಶೇ. 18. ಸ್ವಂತ ಜಿಎಸ್‌ಟಿ ನೋಂದಣಿ ಇರುವ ಸದಸ್ಯರು ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು. ಇಲ್ಲದವರಿಗೆ ₹8,000 ಅನ್ನುವುದು ₹9,440 ಆಗುತ್ತದೆ. ನಡುವರ್ಷದಲ್ಲಿ ಈ ಸುದ್ದಿ ಕೊಟ್ಟರೆ ಜಗಳ ಗ್ಯಾರಂಟಿ. ಮೊದಲ ದಿನವೇ ಹೇಳಿಬಿಡಿ.

3. ಯಾವ ಕಾನೂನಿನಡಿ ನೋಂದಣಿ?

ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಸುಲಭ, ಇಬ್ಬರಿದ್ದರೂ ಆಗುತ್ತದೆ. ಆದರೆ ಪಾಲುದಾರರು ಬಂದಾಗ ಹೋದಾಗಲೆಲ್ಲ 30 ದಿನದೊಳಗೆ ಫಾರ್ಮ್ ಸಲ್ಲಿಸಬೇಕು. ಇಪ್ಪತ್ತು ಜನ ಬಂದು ಹೋಗುವ ಜಾಗಕ್ಕೆ ಅದು ತಲೆನೋವು. ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ಸಾಮಾನ್ಯವಾಗಿ ಜಾಸ್ತಿ ಷೇರು ಇದ್ದವರ ಮಾತೇ ನಡೆಯುತ್ತದೆ. ಪ್ರೊಡ್ಯೂಸರ್ ಕಂಪನಿ ರೈತರಿಗೆ, ನೇಕಾರರಿಗೆ, ಕುಶಲಕರ್ಮಿಗಳಿಗೆ ಮಾಡಿದ್ದು. ಗೇಮ್ ಮಾಡುವವರಿಗೆ ಒಗ್ಗುವುದಿಲ್ಲ. ಬಹುರಾಜ್ಯ ಸಹಕಾರಿಗೆ ಒಂದೊಂದು ರಾಜ್ಯದಿಂದಲೂ ಕನಿಷ್ಠ 50 ಜನ ಬೇಕು. ಅದನ್ನು ಮರೆತುಬಿಡಿ.

ಉಳಿಯುವುದು ಎರಡು: ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959 ಮತ್ತು ಕರ್ನಾಟಕ ಸೌಹಾರ್ದ ಸಹಕಾರಿ ಕಾಯ್ದೆ 1997. ಎರಡನೆಯದು 2001ರ ಜನವರಿ 1ರಿಂದ ಜಾರಿಯಲ್ಲಿದೆ. ನನ್ನ ಒಲವು ಸೌಹಾರ್ದದ ಕಡೆ. ಸರ್ಕಾರದ ಷೇರು, ಸರ್ಕಾರದ ಕೈ ಅಲ್ಲಿ ಕಡಿಮೆ. ಉಪವಿಧಿಗಳನ್ನು, ಅಂದರೆ ಸಂಘದ ಒಳನಿಯಮಗಳನ್ನು, ನಿಮ್ಮ ಕೆಲಸಕ್ಕೆ ತಕ್ಕಂತೆ ಬರೆದುಕೊಳ್ಳಲು ಜಾಗ ಜಾಸ್ತಿ. ಬೇರೆ ಬೇರೆ ಕುಟುಂಬದ ಕನಿಷ್ಠ ಹತ್ತು ಜನ ಪ್ರವರ್ತಕರು, ಅಂದರೆ ಸಂಘ ಹುಟ್ಟುಹಾಕುವವರು, ಆಗಬೇಕು. ಅಣ್ಣ-ತಮ್ಮ, ಗಂಡ-ಹೆಂಡತಿ ಇಬ್ಬರ ಹೆಸರನ್ನೂ ಬರೆದು ಹತ್ತು ಮಾಡಲು ಹೋಗಬೇಡಿ. ಕೊನೇ ಗಳಿಗೆಯಲ್ಲಿ ಒಬ್ಬರು ಕೈಕೊಟ್ಟರೂ ನಿಲ್ಲದಂತೆ ಹದಿಮೂರು-ಹದಿನಾಲ್ಕು ಜನ ಸಹಿ ಹಾಕಲಿ.

ಕೆಲಸದ ಕ್ರಮ ಹೀಗೆ: ಪ್ರವರ್ತಕರ ಸಭೆ ಕರೆಯಿರಿ. ಒಬ್ಬರನ್ನು ಮುಖ್ಯ ಪ್ರವರ್ತಕರನ್ನಾಗಿ ಆರಿಸಿ, ಠರಾವು ಬರೆಯಿರಿ. ಹೆಸರು ಗೊತ್ತು ಮಾಡಿ. ಷೇರು ಹಣ ಸಂಗ್ರಹಿಸಿ ಬ್ಯಾಂಕಿನಲ್ಲಿಡಲು ಸಹಕಾರ ಇಲಾಖೆಯಿಂದ ಅನುಮತಿ ಪಡೆಯಿರಿ. ಉಪವಿಧಿಗಳ ಕರಡು, ಸದಸ್ಯರ ಪಟ್ಟಿ, ಸಂಘ ತನ್ನ ಕಾಲ ಮೇಲೆ ನಿಲ್ಲುತ್ತದೆ ಅಂತ ತೋರಿಸುವ ವರದಿ ಸೇರಿಸಿ ಇಲಾಖೆಯ ನಿಬಂಧಕರಿಗೆ (ರಿಜಿಸ್ಟ್ರಾರ್) ಅರ್ಜಿ ಕೊಡಿ. ಅರ್ಜಿಯ ನಮೂನೆಯನ್ನು ಇಲಾಖೆಯ ಕಚೇರಿಯಲ್ಲೇ ಕೇಳಿ ತೆಗೆದುಕೊಳ್ಳಿ, ಯಾರೋ ಫಾರ್ವರ್ಡ್ ಮಾಡಿದ ಹಳೇ ಪಿಡಿಎಫ್ ನಂಬಬೇಡಿ.

ಒಂದು ಕಿವಿಮಾತು. ಸೌಹಾರ್ದ ಅಂದ ಕೂಡಲೇ ಕಚೇರಿಯಲ್ಲೂ ಬ್ಯಾಂಕಿನಲ್ಲೂ "ಸಾಲ ಕೊಡ್ತೀರಾ, ಠೇವಣಿ ತಗೋತೀರಾ?" ಅಂತಲೇ ಕೇಳುತ್ತಾರೆ. ರಾಜ್ಯದ ಸೌಹಾರ್ದಗಳಲ್ಲಿ ಬಹುಪಾಲು ಪತ್ತಿನ ಸಹಕಾರಿಗಳೇ ಆಗಿರುವುದರಿಂದ ಹಾಗೆ. ಸಾಲವೂ ಇಲ್ಲ, ಠೇವಣಿಯೂ ಇಲ್ಲ, ಸದಸ್ಯರಿಗೆ ಕೆಲಸದ ಜಾಗ ಮತ್ತು ಸಲಕರಣೆ ಒದಗಿಸುವುದಷ್ಟೇ ಉದ್ದೇಶ ಅಂತ ಉಪವಿಧಿಯ ಮೊದಲ ಪುಟದಲ್ಲೇ ಬರೆಯಿರಿ. ಮನೆಯವರಿಗೂ ಅದನ್ನೇ ತೋರಿಸಿ. "ಚೀಟಿ ವ್ಯವಹಾರಕ್ಕೆ ಸೇರಿದ್ದಾನೆ" ಅಂತ ಅಮ್ಮ ಗಾಬರಿಯಾಗುವುದು ತಪ್ಪುತ್ತದೆ.

4. ಉಪವಿಧಿ: ಇಲ್ಲಿ ಸಮಯ ಹಾಕಿ

ಯಾವುದೋ ಸಂಘದ ಉಪವಿಧಿ ತಂದು ಹೆಸರು ಬದಲಿಸಿ ಸಹಿ ಹಾಕುವವರು ಬಹಳ. ನೀವು ಹಾಗೆ ಮಾಡಬೇಡಿ. ಕಾಯ್ದೆ ಒಪ್ಪುವ ಮಿತಿಯೊಳಗೆ ಕೆಳಗಿನ ವಿಷಯಗಳನ್ನು ನಿಮ್ಮದೇ ಮಾತಿನಲ್ಲಿ ಬರೆಸಿ.

ಷೇರು. ₹1,000 ಮುಖಬೆಲೆಯ 25 ಷೇರು ಒಬ್ಬೊಬ್ಬರಿಗೆ ಅಂದುಕೊಳ್ಳಿ. ಇಪ್ಪತ್ತು ಜನರಿಂದ ₹5 ಲಕ್ಷ. ಆರು ತಿಂಗಳ ಬಾಡಿಗೆ ಅಡ್ವಾನ್ಸ್ ಕೊಟ್ಟರೆ ₹4.32 ಲಕ್ಷ ಅಲ್ಲೇ ಹೋಯಿತು. ಉಳಿದ ₹68,000ದಲ್ಲಿ ಟೇಬಲ್ಲು, ವೈರಿಂಗು. ಅಂದರೆ ಹೊಸ ಪೀಠೋಪಕರಣದ ಆಸೆ ಬಿಡಿ. ಮುಚ್ಚುವ ಆಫೀಸುಗಳ ಕುರ್ಚಿಗಳು ಈ ಊರಿನಲ್ಲಿ ಸದಾ ಮಾರಾಟಕ್ಕಿರುತ್ತವೆ.

ಬಿಟ್ಟು ಹೋಗುವವರ ಷೇರು. ಎಲ್ಲಕ್ಕಿಂತ ದೊಡ್ಡ ಜಗಳ ಬರುವುದು ಇಲ್ಲೇ. ಷೇರು ಹಣ ಕೂತಿರುವುದು ಕಟ್ಟಡದ ಮಾಲೀಕರ ಹತ್ತಿರ ಅಡ್ವಾನ್ಸ್ ಆಗಿ. ಮೂರು ಜನ ಒಟ್ಟಿಗೆ ಹೊರಟು "ನಮ್ಮ ಎಪ್ಪತ್ತೈದು ಸಾವಿರ ಕೊಡಿ" ಅಂದರೆ ಎಲ್ಲಿಂದ ತರುವುದು? ಹೊಸ ಸದಸ್ಯರು ಬಂದು ಷೇರು ಹಾಕಿದಾಗ, ಇಲ್ಲವೇ ಒಂದು ವರ್ಷದೊಳಗೆ, ಯಾವುದು ಮೊದಲೋ ಆಗ ಕೊಡುತ್ತೇವೆ ಅಂತ ಬರೆಯಿರಿ. ಒಂದು ವರ್ಷದಲ್ಲಿ ಒಟ್ಟು ಷೇರಿನ ಇಂತಿಷ್ಟು ಭಾಗಕ್ಕಿಂತ ಜಾಸ್ತಿ ವಾಪಸ್ ಇಲ್ಲ ಅನ್ನುವ ಮಿತಿಯೂ ಇರಲಿ.

ಶುಲ್ಕದ ಬಾಕಿ. ಗೇಮ್ ಮಾಡುವವರ ದುಡ್ಡು ತಿಂಗಳ ಸಂಬಳದ ಹಾಗೆ ಬರುವುದಿಲ್ಲ. ಎರಡು ವರ್ಷ ಏನೂ ಇಲ್ಲ, ಬಿಡುಗಡೆಯ ವಾರ ಒಂದಿಷ್ಟು, ಆಮೇಲೆ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಸೇಲ್ ಇದ್ದಾಗ ಅಷ್ಟಿಷ್ಟು. ಸ್ಟೀಮ್ ತನ್ನ ಶೇ. 30 ಹಿಡಿದುಕೊಂಡೇ ಕೊಡುವುದು. ಇದು ಗೊತ್ತಿದ್ದೂ "ಐದನೇ ತಾರೀಖಿನೊಳಗೆ ಕಟ್ಟದಿದ್ದರೆ ಹೊರಗೆ" ಅಂತ ಬರೆದರೆ ಒಳ್ಳೆಯ ಸದಸ್ಯರೇ ಮೊದಲು ಹೋಗುತ್ತಾರೆ. ಮೂರು ತಿಂಗಳವರೆಗೆ ಶುಲ್ಕ ಮುಂದೂಡಬಹುದು, ಬಾಕಿಗೆ ಷೇರೇ ಆಧಾರ, ಕಾರಣ ಕೇಳುವಂತಿಲ್ಲ ಅಂತ ಇಡಿ. ಮೂರು ತಿಂಗಳ ಶುಲ್ಕ ₹24,000, ಷೇರು ₹25,000. ಸಂಘಕ್ಕೆ ನಷ್ಟವಿಲ್ಲ, ಸದಸ್ಯರಿಗೆ ಮುಖಭಂಗವೂ ಇಲ್ಲ. ಆದರೆ ಒಂದೇ ಹೊತ್ತಿಗೆ ನಾಲ್ಕು ಜನಕ್ಕಿಂತ ಜಾಸ್ತಿ ಮುಂದೂಡುವಂತಿಲ್ಲ. ಬಾಡಿಗೆ ಕಟ್ಟಬೇಕಲ್ವಾ?

ಗೇಮ್ ಯಾರದು? ಸಂಘಕ್ಕೆ ಸದಸ್ಯರ ಗೇಮ್‌ನಲ್ಲಿ ಒಂದು ಪೈಸೆ ಪಾಲೂ ಇಲ್ಲ ಅಂತ ಬರೆಯಿರಿ. "ಹಿಟ್ ಆದರೆ ಶೇ. 2 ಸಂಘಕ್ಕೆ" ಅನ್ನುವ ಸಲಹೆ ಖಂಡಿತ ಬರುತ್ತದೆ. ಬೇಡ. ಹಿಟ್ ಆದ ದಿನವೇ ಆ ಸದಸ್ಯರು ಕುರ್ಚಿ ಖಾಲಿ ಮಾಡುತ್ತಾರೆ.

ಇನ್ನೂ ಸೂಕ್ಷ್ಮವಾದದ್ದು ಸದಸ್ಯರು ಒಬ್ಬರಿಗೊಬ್ಬರು ಮಾಡಿಕೊಡುವ ಕೆಲಸ. ಪಕ್ಕದ ಟೇಬಲ್ಲಿನವರು ನಿಮ್ಮ ಗೇಮ್‌ಗೆ ಎರಡು ಟ್ರ್ಯಾಕ್ ಸಂಗೀತ ಮಾಡಿಕೊಟ್ಟರು, ನೀವು ಯುಪಿಐನಲ್ಲಿ ದುಡ್ಡು ಹಾಕಿದಿರಿ, ಮುಗಿಯಿತು ಅಂದುಕೊಂಡಿರಿ. ಮುಗಿಯಲಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಮಾತ್ರ. ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಮಾತ್ರ. ಸ್ಟೀಮ್‌ನಲ್ಲಿ ನೀವು ಮಾರುವುದು ಪ್ರಪಂಚಕ್ಕೆಲ್ಲ. ಅದಕ್ಕೇ ಸಂಘದಲ್ಲಿ ಒಂದು ಪುಟದ ಕರಾರು ಪತ್ರ ಸದಾ ಸಿದ್ಧವಿರಲಿ: ಯಾವ ಕೆಲಸ, ಎಷ್ಟು ಹಣ ಅಥವಾ ಪಾಲು, ಯಾವ ದೇಶಗಳಿಗೆ, ಎಷ್ಟು ವರ್ಷಕ್ಕೆ. ಪ್ರಿಂಟರ್ ಪಕ್ಕದಲ್ಲೇ ಇಪ್ಪತ್ತು ಪ್ರತಿ ಇಟ್ಟಿರಿ. ಮೊದಲ ಕರಡನ್ನು ವಕೀಲರಿಗೆ ತೋರಿಸುವ ಖರ್ಚು ಸಂಘದ ಲೆಕ್ಕದಲ್ಲಿ ಹೋಗಲಿ.

5. ಈಗ ಜಾಗ ನೋಡಿ

ಎಲ್ಲರೂ ಕಿಟಕಿ, ಗಾಳಿ, ಮೆಟ್ರೋ ಹತ್ತಿರ ಇದೆಯಾ ಅಂತ ನೋಡುತ್ತಾರೆ. ನೀವು ಮೊದಲು ಕೇಳಬೇಕಾದದ್ದು ಹಳೇ ಬೆಸ್ಕಾಂ ಬಿಲ್. ಅದರಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಬರೆದಿರುತ್ತದೆ. ಗೇಮ್ ಮಾಡುವ ಡೆಸ್ಕ್‌ಟಾಪ್ ಒಂದಕ್ಕೆ ಮಾನಿಟರ್ ಸೇರಿ 400 ವ್ಯಾಟ್ ಹಿಡಿದರೂ ಇಪ್ಪತ್ತಕ್ಕೆ 8 ಕಿಲೋವ್ಯಾಟ್. ಇದರ ಮೇಲೆ ಎರಡು ಎಸಿ, ಲೈಟು, ಫ್ರಿಜ್ಜು. ಮನೆಯನ್ನೇ ಆಫೀಸು ಮಾಡಿದ ಕಟ್ಟಡದಲ್ಲಿ 5 ಕಿಲೋವ್ಯಾಟ್ ಮಂಜೂರಾಗಿದ್ದರೆ, ಮೊದಲ ದಿನ ಎಲ್ಲರೂ ಒಟ್ಟಿಗೆ ಬಿಲ್ಡ್ ಒತ್ತಿದಾಗ (ಅಂದರೆ ಬರೆದ ಗೇಮ್ ಅನ್ನು ಆಡುವ ರೂಪಕ್ಕೆ ತರುವಾಗ) ಫ್ಯೂಸ್ ಹಾರುತ್ತದೆ. ಲೋಡ್ ಹೆಚ್ಚಿಸಲು ಮಾಲೀಕರ ಸಹಿ, ಡೆಪಾಸಿಟ್ ಎಲ್ಲ ಬೇಕು. ಖರ್ಚು ಯಾರದು ಅನ್ನುವುದು ಕರಾರಿಗೆ ಮೊದಲೇ ತೀರ್ಮಾನವಾಗಲಿ.

ಕರೆಂಟು ಹೋದಾಗ ಇಡೀ ಹಾಲ್ ನಡೆಸುವ ಬ್ಯಾಟರಿ ಬೇಕಿಲ್ಲ. ಕೆಲಸ ಸೇವ್ ಮಾಡಿ ಮೆಷಿನ್ ಆರಿಸಲು ಹತ್ತು ನಿಮಿಷ ಕೊಡುವ ಯುಪಿಎಸ್ ಸಾಕು. ಆದರೆ ರೂಟರ್‌ಗೆ ಮತ್ತು ಎಲ್ಲರ ಬ್ಯಾಕಪ್ ಇರುವ ಸರ್ವರ್‌ಗೆ ಬೇರೆ ಬ್ಯಾಟರಿ, ಅದು ನಾಲ್ಕೈದು ಗಂಟೆ ಬರಬೇಕು. ಇಂಟರ್ನೆಟ್‌ನಲ್ಲಿ ಡೌನ್‌ಲೋಡ್ ವೇಗಕ್ಕೆ ಮರುಳಾಗಬೇಡಿ, ಅಪ್‌ಲೋಡ್ ಕೇಳಿ. ಹತ್ತು ಜಿಬಿಯ ಬಿಲ್ಡ್ ಮೇಲೆ ಹೋಗಬೇಕಾದದ್ದು ಆ ದಾರಿಯಲ್ಲಿ.

ಬಾಡಿಗೆ ಕರಾರು ಸಂಘದ ಹೆಸರಿನಲ್ಲೇ ಆಗಬೇಕು, ಅಧ್ಯಕ್ಷರ ಹೆಸರಿನಲ್ಲಿ ಅಲ್ಲ. ಮೂರು ವರ್ಷದ ಕರಾರಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಖರ್ಚು ಉಳಿಸಲು 11 ತಿಂಗಳ ಕರಾರು ಮಾಡಿಕೊಳ್ಳುವುದು ಇಲ್ಲಿ ರೂಢಿ. ಆದರೆ ಇಪ್ಪತ್ತು ಜನ ವೈರಿಂಗ್ ಮಾಡಿಸಿ ಕೂತ ಮೇಲೆ ಮಾಲೀಕರು ಹನ್ನೆರಡನೇ ತಿಂಗಳು ಬಾಡಿಗೆ ಏರಿಸಿದರೆ ಮಾತಾಡಲು ಕೈಯಲ್ಲಿ ಏನೂ ಇರುವುದಿಲ್ಲ. ನೋಂದಣಿ ಮಾಡಿಸಿ. ರಾತ್ರಿ ಹನ್ನೊಂದಕ್ಕೆ ಗೇಟ್ ಬೀಗ ಹಾಕುತ್ತಾರಾ ಅಂತಲೂ ಕೇಳಿ. ಬಿಡುಗಡೆಯ ಹಿಂದಿನ ವಾರ ಯಾರೂ ಹನ್ನೊಂದಕ್ಕೆ ಮನೆಗೆ ಹೋಗುವುದಿಲ್ಲ.

6. ಒಬ್ಬರಿಗೆ ದುಬಾರಿ, ಇಪ್ಪತ್ತು ಜನಕ್ಕೆ ಅಗ್ಗ

ಮೊದಲು ಫೋನ್ ಕಪಾಟು. ಸದಸ್ಯರ ಮನೆಯಲ್ಲಿ ಬಿದ್ದಿರುವ ಹಳೇ ಆಂಡ್ರಾಯ್ಡ್‌ಗಳನ್ನೆಲ್ಲ ತರಿಸಿ. 2 ಜಿಬಿ ರ‍್ಯಾಮ್‌ನದು, ಪರದೆ ಬಿರುಕು ಬಿಟ್ಟದ್ದು, ಬ್ಯಾಟರಿ ಅರ್ಧ ಸತ್ತದ್ದು ಎಲ್ಲವೂ ಬರಲಿ. ಪ್ರತಿಯೊಂದರ ಹಿಂದೆ ಮಾಡೆಲ್, ರ‍್ಯಾಮ್, ಆಂಡ್ರಾಯ್ಡ್ ಆವೃತ್ತಿ ಬರೆದ ಚೀಟಿ ಅಂಟಿಸಿ. ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು, ಒಂದು ನೋಟ್‌ಬುಕ್: ಯಾರು ತಗೊಂಡರು, ಯಾವಾಗ ಇಟ್ಟರು. ನಿಮ್ಮ ಆಟಗಾರರ ಕೈಯಲ್ಲಿರುವುದು ಇಂಥ ಫೋನ್‌ಗಳೇ, ನಿಮ್ಮ ಮೇಜಿನ ಮೇಲಿರುವ ಹೊಸದಲ್ಲ.

ಗೂಗಲ್ ಪ್ಲೇಯಲ್ಲಿ 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಡೆವಲಪರ್ ಖಾತೆಗಳಿಗೆ ಒಂದು ನಿಯಮ ಇದೆ. ಬಿಡುಗಡೆಗೆ ಮೊದಲು ಕನಿಷ್ಠ 12 ಜನ ಸತತ 14 ದಿನ ಕ್ಲೋಸ್ಡ್ ಟೆಸ್ಟ್‌ನಲ್ಲಿ, ಅಂದರೆ ಕರೆದವರಿಗಷ್ಟೇ ತೆರೆದ ಪರೀಕ್ಷೆಯಲ್ಲಿ, ಇರಬೇಕು. ಮೊದಲು ಈ ಸಂಖ್ಯೆ 20 ಇತ್ತು. ಒಬ್ಬಂಟಿ ಡೆವಲಪರ್‌ಗಳು ಇದಕ್ಕಾಗಿ ಸೋದರಮಾವ, ಚಿಕ್ಕಮ್ಮ ಎಲ್ಲರ ಕಾಲು ಹಿಡಿಯುತ್ತಾರೆ. ಸಂಘದಲ್ಲಿ ಆ ಹನ್ನೆರಡು ಜನರನ್ನು ಸೇರಿಸುವುದು ಒಂದು ಮಧ್ಯಾಹ್ನದ ಕೆಲಸ, 14 ದಿನ ಮಾತ್ರ ಕಾಯಲೇಬೇಕು. ಶುಲ್ಕ ಯಾಕೆ ಕೊಡಬೇಕು ಅಂತ ಕೇಳುವ ಹೊಸಬರಿಗೆ ಇದನ್ನೇ ಮೊದಲು ಹೇಳಿ.

ಕನ್ಸೋಲ್ ಡೆವ್‌ಕಿಟ್‌ಗಳನ್ನು (ಪ್ಲೇಸ್ಟೇಷನ್‌ನಂಥ ಯಂತ್ರಗಳಿಗೆ ಗೇಮ್ ಮಾಡಲು ಕಂಪನಿ ಕೊಡುವ ವಿಶೇಷ ಯಂತ್ರ) ಮಾತ್ರ ಹಂಚಿಕೊಳ್ಳಬಾರದು. ಅವು ಗೋಪ್ಯತೆಯ ಕರಾರಿನ ಮೇಲೆ ಒಬ್ಬ ಡೆವಲಪರ್‌ಗೆ ಅಂತಲೇ ಬರುವುದು. ಬೇರೆಯವರು ನೋಡುವಂತೆ ಟೇಬಲ್ ಮೇಲೆ ಇಡುವುದೂ ತಪ್ಪಾಗಬಹುದು. ಬೀಗ ಇರುವ ಸಣ್ಣ ಕೋಣೆ ಒಂದು ಬೇಕು. ಹಗಲಿನಲ್ಲಿ ಅದೇ ಕೋಣೆಗೆ ದಪ್ಪ ಪರದೆ ಹಾಕಿ ಸೌಂಡ್ ರೆಕಾರ್ಡಿಂಗ್‌ಗೂ ಬಳಸಬಹುದು. ಒಬ್ಬರ ಕಿಟ್ ಹೊರಗಿಲ್ಲದ ಹೊತ್ತು ನೋಡಿಕೊಂಡರಾಯಿತು.

ಕನ್ನಡದಲ್ಲಿ ಗೇಮ್ ಮಾಡುವವರಿಗೆ ಒಂದು ಮಾತು, ಜಾಗಕ್ಕೆ ಸಂಬಂಧ ಇಲ್ಲದಿದ್ದರೂ. ಗೇಮ್ ಮಾಡುವ ಸಾಫ್ಟ್‌ವೇರ್‌ಗಳಲ್ಲಿ ಗೋಡೋ 4 ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತದೆ. ಯೂನಿಟಿಯ ಟೆಕ್ಸ್ಟ್‌ಮೆಶ್ ಪ್ರೊ ಜೋಡಿಸುವುದಿಲ್ಲ. ಅಲ್ಲಿ "ಅಕ್ಕ" ಅಂತ ಬರೆದರೆ ಕಕಾರಗಳು ಬೇರೆ ಬೇರೆ ನಿಲ್ಲುತ್ತವೆ. ಇಂಥದ್ದಕ್ಕೆ ಒಬ್ಬರು ಕಂಡುಕೊಂಡ ಉಪಾಯವನ್ನು ಸಂಘದ ಸರ್ವರ್‌ನಲ್ಲಿ ಎಲ್ಲರಿಗೂ ಸಿಗುವಂತೆ ಇಡಿ.

7. ದಿನದ ನಿಯಮ, ದೂರು

ನಿಯಮ ಕಡಿಮೆ ಇರಲಿ. ಹೆಡ್‌ಫೋನ್ ಇಲ್ಲದೆ ಸದ್ದಿಲ್ಲ. ಫೋನ್ ಮಾತು ಹೊರಗೆ. ಲೋಟ ಅವರವರೇ ತೊಳೆಯಬೇಕು. ರಾತ್ರಿ ಕೊನೆಗೆ ಹೋಗುವವರು ಎಸಿ ಆರಿಸಿ ಬಾಗಿಲ ಫೋಟೋ ಗುಂಪಿಗೆ ಹಾಕಬೇಕು.

ಆದರೆ ಕಿರುಕುಳದ ದೂರಿನ ವಿಷಯದಲ್ಲಿ ಬಾಯಿಮಾತು ಸಾಲದು. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಜಾಗಕ್ಕೆ ಆಂತರಿಕ ಸಮಿತಿ ಬೇಕು. ಅದರ ಅಧ್ಯಕ್ಷೆ ಮಹಿಳೆ, ಕನಿಷ್ಠ ಅರ್ಧದಷ್ಟು ಸದಸ್ಯರು ಮಹಿಳೆಯರು, ಹೊರಗಿನವರು ಒಬ್ಬರು. "ನಾವೇನು ನೌಕರರಾ, ಎಲ್ಲರೂ ಮಾಲೀಕರೇ ತಾನೆ" ಅಂತ ವಾದ ಮಾಡುತ್ತಾ ಕೂರಬೇಡಿ, ಸಮಿತಿ ಮಾಡಿ. ಆಡಳಿತ ಮಂಡಳಿಯಲ್ಲಿ ಎಲ್ಲರೂ ಗೆಳೆಯರೇ ಆಗಿರುವಾಗ ಹೊರಗಿನ ಆ ಒಬ್ಬರ ಬೆಲೆ ಜಾಸ್ತಿ.

8. ಸಭೆ, ಲೆಕ್ಕ, ಎರಡನೇ ವರ್ಷ

ಆಡಳಿತ ಮಂಡಳಿ ತಿಂಗಳಿಗೊಮ್ಮೆ ಸೇರಲಿ, ಒಂದು ಗಂಟೆ ಸಾಕು. ನಡಾವಳಿ ಅದೇ ದಿನ ಬರೆದು ಸಹಿ ಆಗಲಿ. ಬ್ಯಾಂಕಿನಲ್ಲಿ ಎಷ್ಟಿದೆ, ಎಷ್ಟು ತಿಂಗಳ ಬಾಡಿಗೆಗೆ ಸಾಕು ಅನ್ನುವ ಎರಡು ಅಂಕಿಗಳನ್ನು ಕಾಫಿ ಮೆಷಿನ್ ಮೇಲೆ ಅಂಟಿಸಿ. ನೋಟಿಸ್ ಬೋರ್ಡ್ ಯಾರೂ ಓದುವುದಿಲ್ಲ. ಸರ್ವ ಸದಸ್ಯರ ವಾರ್ಷಿಕ ಸಭೆ ಸೆಪ್ಟೆಂಬರ್‌ನೊಳಗೆ ಮುಗಿಯಬೇಕು, ಅಷ್ಟರೊಳಗೆ ಆಡಿಟ್ ಆಗಿರಬೇಕು. ಕೋರಂ ಆಗದೆ ಸಭೆ ಮುಂದಕ್ಕೆ ಹೋಗುವುದು ಸಹಕಾರ ಸಂಘಗಳ ಹಳೇ ಕಾಯಿಲೆ. ಅದೇ ದಿನ ಪ್ಲೇಟೆಸ್ಟ್ ಮತ್ತು ಊಟ ಇಟ್ಟುಬಿಡಿ.

ಅಧ್ಯಕ್ಷ, ಖಜಾಂಚಿ ಕೆಲಸ ಮಾಡುವವರಿಗೆ ಶುಲ್ಕದಲ್ಲಿ ರಿಯಾಯಿತಿ ಕೊಡಿ. ಪುಕ್ಕಟೆ ದುಡಿಸಿಕೊಂಡರೆ ಎರಡನೇ ವರ್ಷ ಯಾರೂ ಮುಂದೆ ಬರುವುದಿಲ್ಲ, ಬಂದವರ ಗೇಮ್ ಮುಗಿಯುವುದಿಲ್ಲ. ಸರ್ಕಾರದ ನೆರವನ್ನು ನಂಬಿ ಬಜೆಟ್ ಹಾಕಬೇಡಿ, ಆದರೆ ಕಣ್ಣಿಟ್ಟಿರಿ. ಅನಿಮೇಷನ್, ಗೇಮಿಂಗ್‌ಗೆ 2012ರಲ್ಲೇ ನೀತಿ ಮಾಡಿದ ರಾಜ್ಯ ನಮ್ಮದು. ಈಗ ನಡೆಯುತ್ತಿರುವುದು 2024-29ರ ನೀತಿ. ಮಹದೇವಪುರದಲ್ಲಿ ಇದಕ್ಕೆಂದೇ ಸೆಂಟರ್ ಆಫ್ ಎಕ್ಸಲೆನ್ಸ್ ಇದೆ. ದುಬಾರಿ ಸಲಕರಣೆ ಬೇಕಾದಾಗ ಕೊಳ್ಳುವ ಮೊದಲು ಅಲ್ಲಿ ವಿಚಾರಿಸಿ.

ಇಪ್ಪತ್ತೂ ಕುರ್ಚಿ ತುಂಬಿ ಹೊರಗೆ ಹತ್ತು ಜನ ಕಾಯುತ್ತಿದ್ದಾರೆ ಅಂದಾಗ "ಮೇಲಿನ ಮಹಡಿಯನ್ನೂ ತಗೊಳ್ಳೋಣ" ಅನ್ನುವ ಮಾತು ಬರುತ್ತದೆ. ದುಡುಕಬೇಡಿ. ಫ್ರಾನ್ಸಿನ ಮೋಷನ್ ಟ್ವಿನ್ ಕೆಲಸಗಾರರೇ ಮಾಲೀಕರಾದ ಗೇಮ್ ಸ್ಟುಡಿಯೋ, ಅಲ್ಲಿ ಎಲ್ಲರಿಗೂ ಸಮಾನ ಸಂಬಳ, ಸಮಾನ ಮಾತು. ಅವರ ಡೆಡ್ ಸೆಲ್ಸ್ 2018ರಲ್ಲಿ ದೊಡ್ಡ ಹಿಟ್ ಆಯಿತು. ಆದರೂ ತಮ್ಮ ಗುಂಪನ್ನು ಅವರು ಚಿಕ್ಕದಾಗಿಯೇ ಇಟ್ಟುಕೊಂಡರು. ಆ ಗೇಮ್‌ನ ಮುಂದಿನ ಕೆಲಸಕ್ಕೆ ಈವಿಲ್ ಎಂಪೈರ್ ಅನ್ನುವ ಬೇರೆ ಕಂಪನಿ ಹುಟ್ಟಿತು. ಜನ ಜಾಸ್ತಿಯಾದ ಹಾಗೆ ಸಭೆಯಲ್ಲಿ ಮಾತಾಡುವವರು ಕಡಿಮೆಯಾಗುತ್ತಾರೆ, ತೀರ್ಮಾನ ಮೂರು ಜನರ ಕೈಗೆ ಹೋಗುತ್ತದೆ. ಹಾಗಾಗಿ ಕಾಯುತ್ತಿರುವವರನ್ನು ಕೂರಿಸಿ, ನಿಮ್ಮ ಉಪವಿಧಿ, ಬಾಡಿಗೆ ಕರಾರು, ಎರಡು ವರ್ಷದ ಲೆಕ್ಕದ ಪ್ರತಿ ಕೈಗೆ ಕೊಡಿ. ಮೈಸೂರಲ್ಲೋ ಮಂಗಳೂರಲ್ಲೋ, ಇಲ್ಲ ಇದೇ ಊರಿನ ಇನ್ನೊಂದು ಮೂಲೆಯಲ್ಲೋ ಅವರದೇ ಸಂಘ ಶುರುವಾಗಲಿ. ಫೋನ್ ಕಪಾಟಿನಲ್ಲಿ ಎರಡೆರಡು ಇರುವ ಮಾಡೆಲ್‌ಗಳಲ್ಲಿ ಒಂದೊಂದನ್ನು ಅವರಿಗೆ ಕಳಿಸಿಕೊಡಿ.